ಮೊಬೈಲಿನ ಮೇಲಣ ಗುರುತುಗಳು

ವಿಷಯ ಪ್ರವೇಶ

ಮತದಾನದ ದಿನ ಸಂಜೆ ನಮ್ಮೂರಿನ ಅರಳೀಕಟ್ಟೆಯ ಮೇಲೆ ಕುಳಿತವರು 'ಯಾವ ಗುರುತಿಗೆ ಒತ್ತಿದೆ?' ಎಂದು ಒಬ್ಬರನ್ನೊಬ್ಬರು ಕೇಳುವುದುಂಟು. ಅಭ್ಯರ್ಥಿಯ ಹೆಸರಿಗಿಂತ ಗುರುತೇ ಅಲ್ಲಿ ಬಳಕೆಯ ಮಾತು. ಇಂದು ನಮ್ಮೆಲ್ಲರ ಕೈಯಲ್ಲಿರುವ ಮೊಬೈಲಿನ ಪರದೆಯ ಮೇಲೂ ಇಂಥ ಚಿಕ್ಕ ಚಿತ್ರಗಳೇ ತುಂಬಿವೆ. ಒಂದನ್ನು ಒತ್ತಿದರೆ ಕರೆ ಹೋಗುತ್ತದೆ, ಮತ್ತೊಂದನ್ನು ಒತ್ತಿದರೆ ಹಣ ಹೋಗುತ್ತದೆ. ಇವುಗಳಿಗೆ ಐಕಾನ್ ಎಂದು ಹೆಸರು. ಪ್ರತಿಮೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಮಾತು ಅದು. ನಾನಾದರೋ ಈ ಲೇಖನದಲ್ಲಿ ಊರ ಜನರ ಮಾತನ್ನೇ ಹಿಡಿದು ಇವನ್ನು ಗುರುತು ಎಂದು ಕರೆಯುವೆನು.

ನಾನು ಚಿತ್ರಕಲೆಯನ್ನು ಕಲಿತವಳಲ್ಲ. ಗಣಕಶಾಸ್ತ್ರವನ್ನು ಓದಿದವಳೂ ಅಲ್ಲ. ಅಂತಿಮ ಬಿ.ಎ. ತರಗತಿಯಲ್ಲಿ ಇತಿಹಾಸ, ಸಮಾಜಶಾಸ್ತ್ರಗಳನ್ನು ಓದುತ್ತಿರುವ ವಿದ್ಯಾರ್ಥಿನಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೀಗಿರುವಾಗ ಈ ವಿಷಯವನ್ನೇಕೆ ಎತ್ತಿಕೊಂಡೆನೆಂದು ಗುರುಗಳೂ ಸಹಪಾಠಿಗಳೂ ಕೇಳಬಹುದು. ಅದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ತಂದೆಯವರು ಊರಿನ ಭಜನಾ ಮಂಡಳಿಯಲ್ಲಿ ತತ್ವಪದ ಹಾಡುತ್ತಿದ್ದರು. ಅವರು ತೀರಿಕೊಳ್ಳುವ ಹಿಂದಿನ ವರ್ಷ ಒಂದು ರಾತ್ರಿ ಹಾಡಿದ ಎರಡು ಪದಗಳನ್ನು ನಾನು ಮನೆಯ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. ಮುಂದೆ ನಾನು ಹಾಸ್ಟೆಲಿಗೆ ಬಂದೆ. ಮೊಬೈಲು ಅವ್ವನ ಬಳಿ ಉಳಿಯಿತು. ಅವ್ವನಿಗೆ ತನ್ನ ರುಜು ಹಾಕುವುದಷ್ಟೇ ಬರುತ್ತದೆ. ಆದರೂ ಆ ಹಾಡನ್ನು ಹಚ್ಚಿ ಕೇಳುವಷ್ಟನ್ನು ಕಲಿತಿದ್ದಳು. ಒಂದು ದಿನ ಪಕ್ಕದ ಮನೆಯ ಮಕ್ಕಳು ಮೊಬೈಲು ಹಿಡಿದು ಆಡುವುದನ್ನು ಕಂಡು, ಹಾಡು ಎಲ್ಲಿ ಹಾಳಾಗುವುದೋ ಎಂದು ಹೆದರಿ, ಅದನ್ನು ಜೋಪಾನವಾಗಿಡುವ ದಾರಿಯನ್ನು ಹುಡುಕಿದಳು. ಹಾಡಿನ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಾಗ ಪರದೆಯ ಮೇಲ್ಗಡೆ ಮೂರು ಗುರುತುಗಳು ಮೂಡಿದವು. ಅವುಗಳ ಕೆಳಗೆ ಯಾವ ಅಕ್ಷರವೂ ಇರಲಿಲ್ಲ. ಒಂದು ಮಾತ್ರ ಮುಚ್ಚಳವಿದ್ದ, ಮೈಮೇಲೆ ಗೀರುಗಳಿದ್ದ ಪಾತ್ರೆಯಂತೆ ಕಂಡಿತು. ದಿನಕ್ಕೆರಡು ಹೊತ್ತು ಡೈರಿಗೆ ಹಾಲು ಹಾಕುವ ಅವ್ವ ಅದನ್ನು ಹಾಲಿನ ಕ್ಯಾನೆಂದು ತಿಳಿದಳು. ಮುಚ್ಚಳ ಹಾಕಿದ ಕ್ಯಾನಿನಲ್ಲಿಟ್ಟದ್ದು ಚೆಲ್ಲುವುದಿಲ್ಲವಷ್ಟೆ! ಅದನ್ನು ಒತ್ತಿದಳು. ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಬಂದಿತು. ಅದರ ಕೆಳಗಿನ ಕೆಂಪು ಮಾತನ್ನೂ ಒತ್ತಿದಳು.

ನಾನು ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ಮೊಬೈಲನ್ನು ನನ್ನ ಕೈಗಿತ್ತು, 'ನಿಮ್ಮಪ್ಪನ ಹಾಡು ಕ್ಯಾನೊಳಗೆ ಮಡಗಿವ್ನಿ, ತಗ್ದುಕೊಡು ಮಗ' ಎಂದಳು. ಅದು ಕ್ಯಾನಾಗಿರಲಿಲ್ಲ, ಕಸದ ಬುಟ್ಟಿಯಾಗಿತ್ತು. ಹಾಡು ಅಳಿಸಿಹೋಗಿತ್ತು. ಬೇರೆ ಪ್ರತಿ ಇರಲಿಲ್ಲ. ನಿಜವನ್ನು ಹೇಳಲೇಬೇಕಾಯಿತು. ಆಕೆ ಅತ್ತದ್ದಕ್ಕಿಂತಲೂ, 'ಎಲ್ಲಾ ನನ್ನ ದಡ್ಡತನ' ಎಂದು ತನ್ನನ್ನೇ ಹಳಿದುಕೊಂಡದ್ದು ನನ್ನ ಮನಸ್ಸನ್ನು ಕೊರೆಯಿತು. ತಪ್ಪು ನಿಜವಾಗಿಯೂ ಅವ್ವನದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಓದಿ ತಿಳಿದುದನ್ನೂ, ಮಾಡಿ ಕಲಿತುದನ್ನೂ ಯಥಾಮತಿ ಇಲ್ಲಿ ಬರೆಯುತ್ತಿದ್ದೇನೆ.

ಗುರುತುಗಳು ಹುಟ್ಟಿದ ಬಗೆ

ಭಾಷೆಯ ಹಂಗಿಲ್ಲದೆ ಎಲ್ಲರಿಗೂ ತಿಳಿಯುವ ಚಿತ್ರಗಳನ್ನು ರಚಿಸಬೇಕೆಂಬ ಹಂಬಲ ಹೊಸದೇನಲ್ಲ. ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಆಟೋ ನ್ಯೂರಾತ್ ಎಂಬ ವಿದ್ವಾಂಸರು 1925ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದು, ಜನಸಂಖ್ಯೆ, ವಸತಿ, ಆರೋಗ್ಯ ಮೊದಲಾದವುಗಳ ಅಂಕಿ ಅಂಶಗಳನ್ನು ಸಾಮಾನ್ಯ ಕೆಲಸಗಾರರಿಗೂ ಚಿತ್ರಗಳ ಮೂಲಕ ತಿಳಿಸಲು ಯತ್ನಿಸಿದರು. ಗೆರ್ಡ್ ಆರ್ನ್ಟ್ಸ್ ಎಂಬ ಕಲಾವಿದರು ಅವರಿಗಾಗಿ ಸಾವಿರಾರು ಚಿತ್ರಗಳನ್ನು ರಚಿಸಿಕೊಟ್ಟರು. ಈ ಪದ್ಧತಿಗೆ ಮುಂದೆ ಐಸೋಟೈಪ್ ಎಂಬ ಹೆಸರಾಯಿತು. 1964ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ, ಜಪಾನೀ ಭಾಷೆಯನ್ನರಿಯದ ಅತಿಥಿಗಳಿಗಾಗಿ ಪ್ರತಿಯೊಂದು ಆಟಕ್ಕೂ ಒಂದೊಂದು ಗುರುತನ್ನು ರಚಿಸಿದರು. ಇಂದು ರೈಲು ನಿಲ್ದಾಣಗಳಲ್ಲಿಯೂ ವಿಮಾನ ನಿಲ್ದಾಣಗಳಲ್ಲಿಯೂ ನಾವು ಕಾಣುವ ಗುರುತುಗಳು ಇದೇ ವಂಶಕ್ಕೆ ಸೇರಿದವು.

ಗಣಕಯಂತ್ರಕ್ಕೆ ಐಕಾನ್ ಎಂಬ ಮಾತನ್ನು ತಂದವರು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್. 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ ಮಹಾಪ್ರಬಂಧದಲ್ಲಿ ಈ ಮಾತು ಬರುತ್ತದೆ. ಅವರೂ ಸೇರಿದಂತೆ ಹಲವರು ದುಡಿದ ಫಲವಾಗಿ 1981ರಲ್ಲಿ ಝೆರಾಕ್ಸ್ ಸಂಸ್ಥೆಯು ಸ್ಟಾರ್ ಎಂಬ ಯಂತ್ರವನ್ನು ಹೊರತಂದಿತು. ಅದರ ಪರದೆಯು ಒಂದು ಕಚೇರಿಯ ಮೇಜಿನಂತಿತ್ತು: ಕಾಗದ, ಕಡತ, ಕಡತಗಳ ಪೆಟ್ಟಿಗೆ, ಬಂದ ಟಪಾಲಿನ ತಟ್ಟೆ, ಹೋಗುವ ಟಪಾಲಿನ ತಟ್ಟೆ. ಇಂದು ಅನೇಕ ಆ್ಯಪ್‌ಗಳ ಮೂಲೆಯಲ್ಲಿ ಕಾಣುವ ಮೂರು ಅಡ್ಡಗೆರೆಗಳ ಗುರುತೂ ಆ ಯಂತ್ರದಿಂದಲೇ ಬಂದುದು. ಅದನ್ನು ರಚಿಸಿದವರು ನಾರ್ಮನ್ ಕಾಕ್ಸ್. 1984ರಲ್ಲಿ ಆ್ಯಪಲ್ ಸಂಸ್ಥೆಯ ಮೆಕಿಂಟಾಷ್ ಬಂದಿತು. ಅದರ ಗುರುತುಗಳನ್ನು ಬಿಡಿಸಿದವರು ಸೂಸನ್ ಕೇರ್ ಎಂಬ ಮಹಿಳೆ. ಉದ್ದಕ್ಕೆ 32, ಅಡ್ಡಕ್ಕೆ 32, ಒಟ್ಟು 1,024 ಚೌಕಗಳು; ಪ್ರತಿಯೊಂದು ಚೌಕವೂ ಕಪ್ಪು, ಇಲ್ಲವೇ ಬಿಳುಪು. ಆಕೆ ಮೊದಲು ಗ್ರಾಫ್ ಕಾಗದದ ಮನೆಗಳನ್ನು ತುಂಬಿ ತುಂಬಿ ಚಿತ್ರ ರಚಿಸಿದರಂತೆ. ಇದನ್ನು ಓದಿದಾಗ ನನಗೆ ನಮ್ಮ ಚುಕ್ಕಿ ರಂಗೋಲಿಯ ನೆನಪಾಯಿತು. ಎಣಿಸಿಟ್ಟ ಚುಕ್ಕಿಗಳೊಳಗೇ ತೇರನ್ನೂ ಕಮಲವನ್ನೂ ತರುವ ನಮ್ಮ ಹೆಣ್ಣುಮಕ್ಕಳಿಗೆ ಈ ಕೆಲಸದ ಇಕ್ಕಟ್ಟು ಚೆನ್ನಾಗಿ ಅರ್ಥವಾಗುವಂಥದು.

ಅವ್ವನನ್ನು ದಾರಿ ತಪ್ಪಿಸಿದ ಕಸದ ಬುಟ್ಟಿಯೂ ಈ ಕಾಲದ ಮೇಜಿನ ಜೊತೆಗೇ ಬಂದುದು. ಈ ಯಂತ್ರಗಳನ್ನು ಮಾಡಿದವರು ಕಚೇರಿಯಲ್ಲಿ ದುಡಿಯುವ ಅಮೆರಿಕನ್ನರಿಗಾಗಿ ಮಾಡಿದರು; ಅವರಿಗೆ ಗೊತ್ತಿದ್ದ ವಸ್ತುಗಳನ್ನೇ ಚಿತ್ರಿಸಿದರು. ಅದು ತಪ್ಪಲ್ಲ, ಬಹಳ ಜಾಣತನದ ಕೆಲಸವೇ ಸರಿ. ಆದರೆ ಆ ಮೇಜು ಕಿರಿದಾಗಿ ಮೊಬೈಲಿನೊಳಗೆ ಸೇರಿ ನಮ್ಮೂರಿಗೆ ಬಂದಾಗ, ಆ ಮೇಜಿನ ಮುಂದೆ ಎಂದೂ ಕುಳಿತಿರದವರ ಕೈಗೆ ಅದು ಬಂದಿತೆಂಬುದನ್ನು ಮರೆಯಲಾಗದು.

ಇದನ್ನು ಪರೀಕ್ಷಿಸಲೆಂದು ಒಂದು ಸಂಜೆ ಅವ್ವನಿಗೆ ಗುರುತುಗಳನ್ನು ಒಂದೊಂದಾಗಿ ತೋರಿಸಿ 'ಇದೇನವ್ವ?' ಎಂದು ಕೇಳಿದೆ. ಹುಡುಕುವುದಕ್ಕೆಂದು ಇರುವ ಭೂತಗನ್ನಡಿ ಆಕೆಗೆ ಒಗ್ಗರಣೆಯ ಸೌಟಾಯಿತು. ಹಲ್ಲಿನ ಚಕ್ರ ಹಿಟ್ಟಿನ ಗಿರಣಿಯದಾಯಿತು. ಮೂರು ಅಡ್ಡಗೆರೆಗಳನ್ನು ಕಂಡೊಡನೆ 'ಈಶ್ವರನ ವಿಭೂತಿ' ಎಂದು ಕೈಮುಗಿದಳು. ನಾನು ನಕ್ಕೆ, ಆದರೆ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ಆಕೆ ಹೇಳಿದ ಒಂದೊಂದೂ ಆಕೆಯ ಬದುಕಿಗೆ ಸರಿಯಾದ ಉತ್ತರವೇ ಆಗಿದ್ದಿತು.

ಗುರುತಿನ ಮೂರು ಬಗೆ

ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839-1914) ಅವರು ಸಂಕೇತಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಹೋಲಿಕೆಯಿಂದ ಅರ್ಥವಾಗುವುದು ಒಂದು ಬಗೆ, ಮನುಷ್ಯನ ಭಾವಚಿತ್ರದಂತೆ. ಸಂಬಂಧದಿಂದ ಅರ್ಥವಾಗುವುದು ಎರಡನೆಯದು; ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ತಿಳಿಯುವಂತೆ. ನಮ್ಮ ತರ್ಕಶಾಸ್ತ್ರದವರೂ ಇದೇ ಹೊಗೆಯನ್ನು ಉದಾಹರಿಸುವುದನ್ನು ವಾಚಕರು ಬಲ್ಲರು. ಮೂರನೆಯದು ಕೇವಲ ರೂಢಿಯಿಂದ ಅರ್ಥವಾಗುವಂಥದು, ಅಕ್ಷರಗಳಂತೆ. 'ಮ' ಎಂಬ ಆಕಾರಕ್ಕೂ ಆ ಧ್ವನಿಗೂ ಹೋಲಿಕೆಯೇನೂ ಇಲ್ಲ. ಹಿರಿಯರು ಹೇಳಿಕೊಟ್ಟರು, ನಾವು ಕಲಿತೆವು, ಅಷ್ಟೆ.

ಮೊಬೈಲಿನ ಗುರುತುಗಳು ಮೊದಲನೆಯ ಬಗೆಯವೆಂದು, ಎಂದರೆ ನೋಡಿದೊಡನೆ ತಿಳಿಯುವಂಥವೆಂದು ನಾವು ಭಾವಿಸುತ್ತೇವೆ. ಪರಿಶೀಲಿಸಿದರೆ ಅವುಗಳಲ್ಲಿ ಬಹುಪಾಲು ಮೂರನೆಯ ಬಗೆಗೆ ಸೇರುತ್ತವೆ. ಬರೆದುದನ್ನು ಉಳಿಸುವುದಕ್ಕೆ ಫ್ಲಾಪಿ ತಟ್ಟೆಯ ಚಿತ್ರ ಇಂದಿಗೂ ಹಲವೆಡೆ ಇದೆ. ಬರಿಯ 1.44 ಮೆಗಾಬೈಟ್ ಹಿಡಿಯುತ್ತಿದ್ದ ಆ ತಟ್ಟೆಯ ಮಾರಾಟವನ್ನು ಸೋನಿ ಸಂಸ್ಥೆಯು 2011ರಲ್ಲಿ ನಿಲ್ಲಿಸಿತು. ನನ್ನ ಸಹಪಾಠಿಗಳಲ್ಲಿ ಎಷ್ಟು ಮಂದಿ ಅದನ್ನು ಕೈಯಲ್ಲಿ ಹಿಡಿದಿದ್ದಾರೆ? ಆದರೂ ಅದರ ಅರ್ಥ ನಮಗೆ ಗೊತ್ತು. ವಿದ್ಯುತ್ ಗುಂಡಿಯ ಮೇಲಿನ, ತೆರೆದ ಬಾಯಿಯ ವೃತ್ತ ಮತ್ತು ಅದರೊಳಗೆ ಇಳಿದ ಗೆರೆ, 0 ಮತ್ತು 1 ಎಂಬ ಅಂಕಿಗಳ ಕೂಡಿಕೆ. ಅಂಕಿಗಳೆಂದು ತಿಳಿಯದೆಯೂ ನಾವು ಅದನ್ನು ಒತ್ತುತ್ತೇವೆ. ಇತರರಿಗೆ ಕಳುಹಿಸುವ ಗುರುತು ಐಫೋನಿನಲ್ಲಿ ಪೆಟ್ಟಿಗೆಯಿಂದ ಮೇಲಕ್ಕೆದ್ದ ಬಾಣ. ಆಂಡ್ರಾಯ್ಡಿನಲ್ಲಿ ಗೆರೆಗಳಿಂದ ಕೂಡಿದ ಮೂರು ಚುಕ್ಕಿ. ಒಂದೇ ಕೆಲಸಕ್ಕೆ ಎರಡು ಚಿತ್ರಗಳು! ಇವು ಕಂಡು ತಿಳಿದವಲ್ಲ, ಬಳಸಿ ಕಲಿತವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ, ಗುರುತಿಗೆ ಓದುಬರಹ ಬೇಡವೆಂಬ ಮಾತು ಅರ್ಧ ಮಾತ್ರ ಸತ್ಯ. ಗುರುತೂ ಒಂದು ಲಿಪಿಯೇ. ನಾವು ಅದನ್ನು ಎಲ್ಲಿಯೋ ಕಲಿತು, ಕಲಿತುದನ್ನು ಮರೆತು, ಕಲಿಯದವರನ್ನು ದಡ್ಡರೆನ್ನುತ್ತೇವೆ.

ಬಿಡಿಸುವ ಕ್ರಮ

ಇನ್ನು ಈ ಲಿಪಿಯನ್ನು ಬರೆಯುವ ಕ್ರಮವನ್ನು ಸಂಗ್ರಹವಾಗಿ ನೋಡೋಣ. ಆಂಡ್ರಾಯ್ಡ್ ಮೊಬೈಲಿನಲ್ಲಿ ಅಳತೆಯ ಮಾನಕ್ಕೆ ಡಿ.ಪಿ. ಎನ್ನುತ್ತಾರೆ, ಒಂದು ಅಂಗುಲವನ್ನು 160 ಪಾಲು ಮಾಡಿದರೆ ಒಂದು ಪಾಲು ಒಂದು ಡಿ.ಪಿ. ಗೂಗಲ್ ಸಂಸ್ಥೆಯ ಮೆಟೀರಿಯಲ್ ಎಂಬ ವಿನ್ಯಾಸ ಕ್ರಮದಲ್ಲಿ ಗುರುತನ್ನು 24 ಡಿ.ಪಿ. ಚೌಕದಲ್ಲಿ ಬಿಡಿಸುತ್ತಾರೆ. ಸುತ್ತಲೂ ಎರಡೆರಡು ಪಾಲು ಅಂಚು ಬಿಟ್ಟು, ನಡುವಿನ 20 ಪಾಲಿನೊಳಗೆ ಚಿತ್ರವಿರಬೇಕು. ಗೆರೆಯ ದಪ್ಪ 2 ಪಾಲು. ಒಂದು ಆ್ಯಪ್‌ನ ಎಲ್ಲ ಗುರುತುಗಳಿಗೂ ಗೆರೆಯ ದಪ್ಪ, ಮೂಲೆಯ ದುಂಡು ಒಂದೇ ಆಗಿರಬೇಕು. ಇಲ್ಲವಾದರೆ ಒಂದೇ ಪುಟದಲ್ಲಿ ಹತ್ತು ಜನರ ಕೈಬರಹ ಸೇರಿದಂತೆ ಕಾಣುತ್ತದೆ.

ಕಣ್ಣಿಗೆ ಕಾಣುವ ಗಾತ್ರ ಬೇರೆ, ಅಳತೆಪಟ್ಟಿಯ ಗಾತ್ರ ಬೇರೆ. ಒಂದೇ ಎತ್ತರದ ಚೌಕವನ್ನೂ ವೃತ್ತವನ್ನೂ ಪಕ್ಕದಲ್ಲಿಟ್ಟರೆ ಚೌಕವೇ ದೊಡ್ಡದೆಂದು ತೋರುತ್ತದೆ. ಅದಕ್ಕಾಗಿ ವೃತ್ತಕ್ಕೆ 20 ಪಾಲು ಕೊಟ್ಟರೆ ಚೌಕಕ್ಕೆ 18 ಪಾಲು ಕೊಡುತ್ತಾರೆ. ಚಿತ್ರ 24 ಪಾಲಿನದಾದರೂ ಬೆರಳು ತಾಗುವ ಜಾಗ 48 ಪಾಲಿರಬೇಕೆಂಬುದು ನಿಯಮ. ಎಂದರೆ ಅಂಗುಲದಲ್ಲಿ ಹತ್ತನೆಯ ಮೂರು ಪಾಲು. ಕಳೆ ಕಿತ್ತು, ಸೌದೆ ಒಡೆದು ಒರಟಾದ ಬೆರಳಿಗೆ ಇದು ಉಪಚಾರವಲ್ಲ, ಅಗತ್ಯ. ಗುರುತಿಗೂ ಅದರ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕಡೆಯ ಪಕ್ಷ ಮೂರಕ್ಕೆ ಒಂದು ಇರಬೇಕೆಂದು 2018ರ ಅಂತರರಾಷ್ಟ್ರೀಯ ಸೂತ್ರಗಳು ಹೇಳುತ್ತವೆ. ತಿಳಿಬೂದು ಬಣ್ಣದ ಸೊಗಸಾದ ಗುರುತು ಕೋಣೆಯಲ್ಲಿ ಚೆನ್ನಾಗಿ ಕಂಡೀತು. ಹೊಲದ ಬಿಸಿಲಿನಲ್ಲಿ ಕಾಣದು. ಬಣ್ಣವೊಂದನ್ನೇ ನಂಬಿ ಅರ್ಥ ಹೇಳಲೂ ಬಾರದು. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳೂ ಇವೆ.

ಆ್ಯಪ್‌ನ ಮುಖಚಿಹ್ನೆಗೆ ಬೇರೊಂದು ನಿಯಮವಿದೆ. 2017ರಲ್ಲಿ ಬಂದ ಎಂಟನೆಯ ಆಂಡ್ರಾಯ್ಡಿನಿಂದೀಚೆಗೆ ಅದನ್ನು 108 ಪಾಲಿನ ಚೌಕದಲ್ಲಿ ಬಿಡಿಸಬೇಕು. ಒಂದು ಕಂಪನಿಯ ಮೊಬೈಲು ಅದನ್ನು ವೃತ್ತವಾಗಿ ಕತ್ತರಿಸುತ್ತದೆ, ಮತ್ತೊಂದು ಮೂಲೆ ದುಂಡಾದ ಚೌಕವಾಗಿ. ಆದ್ದರಿಂದ ಮುಖ್ಯವಾದುದೆಲ್ಲ ನಡುವಿನ 66 ಪಾಲಿನೊಳಗೆ ಇರಬೇಕು. ದಿಕ್ಕಿನ ವಿಚಾರವೂ ಇದೆ: ಉರ್ದು, ಅರಬ್ಬಿ ಭಾಷೆಗಳ ಪರದೆಯಲ್ಲಿ ಹಿಂದಕ್ಕೆ ಹೋಗುವ ಬಾಣ ಬಲಕ್ಕೆ ತಿರುಗುತ್ತದೆ, ಏಕೆಂದರೆ ಆ ಓದುಗರ ಸಾಲು ಬಲದಿಂದ ಎಡಕ್ಕೆ ಸಾಗುತ್ತದೆ.

ಇವೆಲ್ಲವೂ ಬೇಕಾದ ನಿಯಮಗಳೇ. ಆದರೆ ಅವ್ವನನ್ನು ತಪ್ಪುದಾರಿಗೆ ಎಳೆದ ಗುರುತಿನಲ್ಲಿ ಈ ನಿಯಮಗಳೆಲ್ಲ ಪಾಲನೆಯಾಗಿದ್ದವು. ಅಂಚು ಸರಿಯಿತ್ತು, ಗೆರೆ ಸರಿಯಿತ್ತು, ಸ್ಫುಟವಾಗಿ ಕಾಣುತ್ತಿತ್ತು. ಸ್ಫುಟವಾಗಿ ಕಂಡದ್ದರಿಂದಲೇ ಆಕೆ ಅದನ್ನು ಕ್ಯಾನೆಂದು ನಂಬಿದಳು!

ನಮ್ಮ ನೆಲದ ಎರಡು ಪಾಠಗಳು

ಓದು ಬಾರದವರಿಗೆ ಗುರುತು ಕಲಿಸಿದ ಅನುಭವ ನಮ್ಮ ದೇಶಕ್ಕೆ ಹೊಸದಲ್ಲ. 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ಮೊದಲನೆಯ ಮಹಾಚುನಾವಣೆ ನಡೆಯಿತು. ಮತದಾರರು 17 ಕೋಟಿಗೂ ಮಿಗಿಲು. 1951ರ ಜನಗಣತಿಯಂತೆ ಅಕ್ಷರಸ್ಥರು ನೂರಕ್ಕೆ 18ರಷ್ಟು ಮಾತ್ರ. ಆಗ ಚುನಾವಣಾ ಆಯೋಗವು ಪಕ್ಷಗಳಿಗೆ ಜೋಡೆತ್ತು, ಗುಡಿಸಲು, ದೀಪ, ಮರ ಮುಂತಾದ ಚಿತ್ರಗಳನ್ನು ಕೊಟ್ಟು, ಪ್ರತಿ ಅಭ್ಯರ್ಥಿಯ ಮತಪೆಟ್ಟಿಗೆಯ ಮೇಲೂ ಅವನ ಗುರುತನ್ನು ಅಂಟಿಸಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಚಿತ್ರಗಳು ಜನರ ಮನೆ ಹೊಲಗಳಿಂದ ಬಂದವು. ಎರಡನೆಯದಾಗಿ, ಗುಡಿಸಲನ್ನು ನೋಡಿದ ಮಾತ್ರಕ್ಕೆ ಅದು ಯಾವ ಪಕ್ಷವೆಂದು ಯಾರಿಗೂ ತಿಳಿಯಲಾರದು. ತಮಟೆ ಹೊಡೆದು, ಮನೆಮನೆಗೆ ಹೋಗಿ, ಬಾಯಿಂದ ಹೇಳಿ ಅದನ್ನು ಕಲಿಸಿದರು. ಇಂದಿನ ಮತಯಂತ್ರದಲ್ಲಿಯೂ ಗುರುತು ಒಂಟಿಯಾಗಿಲ್ಲ. ಅದರ ಜೊತೆಗೆ ಅಭ್ಯರ್ಥಿಯ ಹೆಸರಿದೆ, ಭಾವಚಿತ್ರವಿದೆ.

ಎರಡನೆಯ ಪಾಠ ಬೆಂಗಳೂರಿನದು. ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಗಳೂರಿನ ಸಂಶೋಧನಾಲಯದಲ್ಲಿದ್ದ ಇಂದ್ರಾಣಿ ಮೇಧಿ, ಅಮನ್ ಸಾಗರ್, ಕೆಂಟಾರೊ ಟೊಯಾಮಾ ಎಂಬವರು 2006ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ನಗರದ ಮೂರು ಕೊಳೆಗೇರಿಗಳಲ್ಲಿದ್ದ, ಓದುಬರಹ ಬಾರದ ಮನೆಗೆಲಸದವರ ಜೊತೆ ಹಲವು ಗಂಟೆಗಳ ಕಾಲ ಕುಳಿತು, ಕೆಲಸ ಹುಡುಕಲು ನೆರವಾಗುವ ಅಕ್ಷರರಹಿತ ಪರದೆಯೊಂದನ್ನು ಅವರು ರಚಿಸಿದ್ದರು. ಅವರು ಕಂಡುಕೊಂಡದ್ದು ಏನೆಂದರೆ: ಅಂಕಿಗಳನ್ನು ಬಳಸಬಹುದು, ತೀರ ಸಂಕ್ಷಿಪ್ತವೂ ಅಲ್ಲದ, ಛಾಯಾಚಿತ್ರದಷ್ಟು ಯಥಾವತ್ತೂ ಅಲ್ಲದ ನಡುವಣ ಬಗೆಯ ಚಿತ್ರ ಮೊದಲಿಗೆ ಲೇಸು, ಜನರ ಸಂಸ್ಕೃತಿ, ನಂಬಿಕೆಗಳು ಚಿತ್ರದ ಅರ್ಥವನ್ನು ಬದಲಿಸುತ್ತವೆ, ಸಾಧ್ಯವಾದ ಕಡೆಯಲ್ಲೆಲ್ಲ ಚಿತ್ರಕ್ಕೆ ಧ್ವನಿಯನ್ನು ಸೇರಿಸಬೇಕು. ಅಕ್ಷರವನ್ನೇ ಬಿಟ್ಟು ಹೊರಟವರು ಕೊನೆಗೆ ಮಾತಿನ ನೆರವನ್ನು ಬೇಡಿದರೆಂಬುದು ವಿಚಾರಮಾಡತಕ್ಕ ಸಂಗತಿ.

ನಮ್ಮ ಪ್ರಯತ್ನ ಮತ್ತು ನನ್ನ ತಪ್ಪು

ಕಳೆದ ವರ್ಷ ನಾವು ಮೂವರು ಸಹಪಾಠಿಗಳು ಸೇರಿ, ಅವ್ವನು ಸದಸ್ಯಳಾಗಿರುವ ಮಹಿಳಾ ಸ್ವಸಹಾಯ ಸಂಘಕ್ಕೆ ಒಂದು ಚಿಕ್ಕ ಆ್ಯಪ್ ಮಾಡಿಕೊಡಲು ಹೊರಟೆವು. ಗೆಳತಿಯ ಅಣ್ಣನೊಬ್ಬನು ಯಂತ್ರದ ಕೆಲಸವನ್ನು ವಹಿಸಿಕೊಂಡನು. ಗುರುತುಗಳನ್ನು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಉಳಿತಾಯ, ಸಾಲ, ಕಂತು, ಸಭೆ, ಸಹಾಯ, ಇವು ಐದು. ಓದಿದ ನಿಯಮಗಳನ್ನೆಲ್ಲ ಅನುಸರಿಸಿ ಬಿಡಿಸಿ, ರಟ್ಟಿನ ಮೇಲೆ ದೊಡ್ಡದಾಗಿ ಬರೆದುಕೊಂಡು, ಸಂಘದ ವಾರದ ಸಭೆಗೆ ಹೋದೆ. ಅಂದು ಹನ್ನೆರಡು ಮಂದಿ ಬಂದಿದ್ದರು.

ಉಳಿತಾಯಕ್ಕೆ ಮಣ್ಣಿನ ಗೋಲಕವನ್ನು ಬರೆದಿದ್ದೆ, ಎಲ್ಲರಿಗೂ ತಿಳಿಯಿತು. ಸಭೆಗೆ ಮೇಜು ಕುರ್ಚಿ ಬರೆದಿದ್ದೆ, 'ಬ್ಯಾಂಕು' ಎಂದರು. ಅವರ ಸಭೆ ನಡೆಯುವುದು ಚಾಪೆಯ ಮೇಲೆ. ಸಹಾಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಬರೆದಿದ್ದೆ. 'ಕುಡುಗೋಲು' ಎಂದು ನಾಲ್ವರು ಹೇಳಿದರು. ಇಲ್ಲಿಯವರೆಗೆ ಎಲ್ಲರೂ ನಗುತ್ತಿದ್ದರು. ಆಮೇಲೆ ಸಾಲದ ಗುರುತನ್ನು ಎತ್ತಿ ಹಿಡಿದೆ. ಚಾಚಿದ ಒಂದು ಅಂಗೈ, ಅದರ ಮೇಲೆ ಒಂದು ನಾಣ್ಯ. ಇಂಥ ಚಿತ್ರ ಗುರುತುಗಳ ಸಂಗ್ರಹಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನಾನು ಅಲ್ಲಿ ಕಂಡುದನ್ನೇ ತಿದ್ದಿ ಬರೆದಿದ್ದೆ. ಏಳು ಮಂದಿ 'ಭಿಕ್ಷೆ' ಎಂದರು. ಒಬ್ಬರು 'ದಾನ' ಎಂದರು. ಅವ್ವ ಏನೂ ಹೇಳಲಿಲ್ಲ.

ರಾತ್ರಿ ಮನೆಯಲ್ಲಿ ರೊಟ್ಟಿ ತಟ್ಟುತ್ತ, ನನ್ನ ಕಡೆ ನೋಡದೆಯೇ ಕೇಳಿದಳು: 'ನಾವು ಸಂಘದಾಗೆ ಬೇಡ್ತೀವೇನೆ? ತಗೊಂತೀವಿ, ಬಡ್ಡಿ ಸೇರಿಸಿ ಕಟ್ತೀವಿ. ನಿನ್ನ ಕಾಲೇಜಿನ ಫೀಜೂ ಅಂಗೇ ಕಟ್ಟಿದ್ದು.'

ನನಗೆ ಉತ್ತರ ತೋಚಲಿಲ್ಲ. ಕಸದ ಬುಟ್ಟಿಯನ್ನು ಬಿಡಿಸಿದವರ ಮೇಲೆ ನಾನು ಅಷ್ಟು ದಿನ ಸಿಟ್ಟನ್ನು ಹೊತ್ತಿದ್ದೆ. ಅವರಾದರೋ ಅವ್ವನನ್ನು ಕಂಡವರಲ್ಲ. ನಾನು ಆಕೆಯ ಮನೆಯಲ್ಲೇ ಕುಳಿತು, ಆಕೆ ತಂದ ಸಾಲದಲ್ಲೇ ಓದಿ, ಆಕೆಯನ್ನು ಕೈಚಾಚುವವಳಂತೆ ಬರೆದಿದ್ದೆ. ಊರಿನಲ್ಲಿ ಹುಟ್ಟಿದ ಮಾತ್ರಕ್ಕೆ ಊರಿನವರ ಕಣ್ಣು ಉಳಿದಿರುತ್ತದೆಂದು ನಂಬುವಂತಿಲ್ಲ. ಮೂರು ವರ್ಷ ಬೇರೆ ಮೇಜಿನ ಮುಂದೆ ಕುಳಿತುದರಿಂದ ನನ್ನ ಕಣ್ಣೂ ಆ ಮೇಜಿನದಾಗಿತ್ತು.

ಮುಂದಿನ ವಾರ ಬರೆದುಕೊಂಡು ಹೋಗಲಿಲ್ಲ. ಬರಿಯ ಕಾಗದ, ಪೆನ್ಸಿಲು ಹಿಡಿದು ಹೋದೆ. 'ಸಾಲ ಎಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ?' ಎಂದು ಕೇಳಿದೆ. ಸಂಘದ ತಗಡಿನ ಪೆಟ್ಟಿಗೆ ಎಂದರು. ಪೆಟ್ಟಿಗೆಯಿಂದ ಹೊರಬರುವ ನೋಟು ಸಾಲವಾಯಿತು. ಪೆಟ್ಟಿಗೆಯೊಳಕ್ಕೆ ಹೋಗುವ ನೋಟು ಕಂತಾಯಿತು. ಸಭೆಗೆ ಚಾಪೆಯ ಮೇಲೆ ದುಂಡಗೆ ಕುಳಿತ ಹೆಂಗಸರನ್ನು ಬರೆದೆ. ಆದರೂ ಸಾಲ, ಕಂತುಗಳ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟಾಗ ಐದು ಮಂದಿ ಒಂದನ್ನು ಇನ್ನೊಂದೆಂದು ತಿಳಿದರು. ನೋಟು ಹೋಗುತ್ತಿದೆಯೋ ಬರುತ್ತಿದೆಯೋ ಎಂಬುದನ್ನು ನಿಂತ ಚಿತ್ರ ಹೇಗೆ ಹೇಳೀತು? ಬಾಣ ಹಾಕಿದರೂ ಗೊಂದಲ ಪೂರ್ತಿ ಹೋಗಲಿಲ್ಲ. ಕೊನೆಗೆ ಸೋತೆನೆಂದುಕೊಂಡೇ ಚಿತ್ರಗಳ ಕೆಳಗೆ ದಪ್ಪಕ್ಷರದಲ್ಲಿ 'ಸಾಲ', 'ಕಂತು' ಎಂದು ಬರೆದೆ.

ಆಗ ನಾನು ಎಣಿಸದ ಸಂಗತಿಯೊಂದು ನಡೆಯಿತು. ರುಜು ಹೊರತು ಬೇರೆ ಅಕ್ಷರ ಬಾರದ ಅವ್ವ 'ಸಾಲ' ಎಂಬ ಬರಹದ ಮೇಲೆ ಬೆರಳಿಟ್ಟು, 'ಇದು ಪಾಸ್‌ಬುಕ್ಕಿನಾಗೆ ಬರೀತಾರಲ್ಲ, ಅದೇ ಅಲ್ವಾ?' ಎಂದಳು. ಮತ್ತಿಬ್ಬರೂ ಹೌದೆಂದರು. ಹತ್ತಾರು ವರ್ಷ ಆ ಪುಸ್ತಕವನ್ನು ತಿರುವಿ ಹಾಕಿ, ಆ ಎರಡಕ್ಷರದ ಆಕಾರ ಅವರಿಗೆ ಗುರುತಾಗಿಬಿಟ್ಟಿತ್ತು. ಓದಲು ಬಾರದವರಿಗೆ ಬರಹ ಬೇಡವೆಂದು ನಾನು ತೀರ್ಮಾನಿಸಿಕೊಂಡಿದ್ದೆ, ಅವರನ್ನು ಕೇಳಿರಲಿಲ್ಲ. ಚಿತ್ರದ ಕೆಳಗೆ ಬರಹ, ಮುಟ್ಟಿದರೆ ಕನ್ನಡದಲ್ಲಿ ಹೆಸರು ಹೇಳುವ ಧ್ವನಿ, ಇವೆರಡನ್ನೂ ಸೇರಿಸಿದೆವು. ಸಹಾಯಕ್ಕೆಂದು ಬೇರೆ ಗುರುತೇ ಬೇಕಾಗಲಿಲ್ಲ.

ತಪ್ಪು ಬಿದ್ದುದನ್ನು ತೆಗೆದುಹಾಕುವ ಗುರುತು ಮಾತ್ರ ಉಳಿದಿತ್ತು. ಕಸದ ಬುಟ್ಟಿಯನ್ನು ಬರೆಯಲು ನನಗೆ ಕೈ ಬರಲಿಲ್ಲ. ಸಂಘದ ಪುಸ್ತಕದಲ್ಲಿ ಏನು ಮಾಡುತ್ತಾರೆಂದು ನೋಡಿದೆ. ಅಲ್ಲಿ ತಪ್ಪು ಲೆಕ್ಕವನ್ನು ಯಾರೂ ಅಳಿಸುವುದಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ರುಜು ಹಾಕುತ್ತಾರೆ. ಹಳೆಯದು ಗೆರೆಯ ಕೆಳಗೆ ಕಾಣುತ್ತಲೇ ಇರುತ್ತದೆ. ನಮ್ಮ ಆ್ಯಪ್‌ನಲ್ಲಿಯೂ ಹಾಗೆಯೇ ಮಾಡಿದೆವು. ಗೆರೆ ಎಳೆದುದನ್ನು ಮತ್ತೆ ಒತ್ತಿದರೆ ಗೆರೆ ಹೋಗುತ್ತದೆ.

ಉಪಸಂಹಾರ

ಇಷ್ಟರಿಂದ ನನಗೆ ತಿಳಿದುಬಂದುದನ್ನು ನಾಲ್ಕು ಮಾತಿನಲ್ಲಿ ಹೇಳುವುದಾದರೆ: ಮೊದಲನೆಯದು, ಯಾರಿಗಾಗಿ ಗುರುತನ್ನು ಬರೆಯುತ್ತೇವೆಯೋ ಅವರ ಮನೆಯ ವಸ್ತುಗಳಿಂದ ಬರೆಯಬೇಕು. ಎರಡನೆಯದು, ಗುರುತನ್ನು ಒಂಟಿಯಾಗಿ ಬಿಡದೆ ಅವರ ಭಾಷೆಯ ಮಾತನ್ನೋ ಧ್ವನಿಯನ್ನೋ ಜೊತೆಗೆ ಕೊಡಬೇಕು. ಅದರಿಂದ ಚಿತ್ರದ ಗೌರವಕ್ಕೆ ಕುಂದಿಲ್ಲ. ಮೂರನೆಯದು, ಬರೆದ ಮೇಲೆ ಯಾವ ಸುಳಿವನ್ನೂ ಕೊಡದೆ 'ಇದೇನು? ಒತ್ತಿದರೆ ಏನಾದೀತು?' ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಬೇಕು. ಅವರು ಹೇಳುವ ಉತ್ತರ ತಪ್ಪೆಂದು ತೋರಿದರೆ ತಿದ್ದಬೇಕಾದುದು ನಮ್ಮ ಚಿತ್ರವನ್ನು. ನಾಲ್ಕನೆಯದು, ಎಷ್ಟು ಎಚ್ಚರವಿದ್ದರೂ ಯಾರೋ ಒಬ್ಬರು ತಪ್ಪಾಗಿ ತಿಳಿಯುವುದು ಖಂಡಿತ. ಆದಕಾರಣ ಕಳೆದುದನ್ನು ಮರಳಿ ಪಡೆಯುವ ದಾರಿ ಇರಲೇಬೇಕು. ಇಂದು ಅನೇಕ ಆ್ಯಪ್‌ಗಳು ಅಳಿಸಿದ ಚಿತ್ರಗಳನ್ನು 30 ದಿನಗಳವರೆಗೆ ತೆಗೆದಿಟ್ಟಿರುತ್ತವೆ. ಇದು ಮೆಚ್ಚತಕ್ಕ ಪದ್ಧತಿ.

ಇಂಥ ಕೆಲಸ ತಂತ್ರಜ್ಞರದೆಂದು ನಾವು ಕಲಾವಿಭಾಗದವರು ದೂರ ನಿಲ್ಲುವುದು ಸಲ್ಲದು. ಜನರ ನಡುವೆ ಕುಳಿತು ಕೇಳುವುದನ್ನು ಸಮಾಜಶಾಸ್ತ್ರ ನಮಗೆ ಕಲಿಸುತ್ತದೆ. ಮಾತಿನ ಬೆಲೆಯನ್ನು ಕನ್ನಡದ ತರಗತಿ ಕಲಿಸುತ್ತದೆ. ಓದುಬರಹ ಬಾರದ ತಂದೆತಾಯಿಗಳ ಮನೆಯಿಂದ ಬಂದವರು ನಮ್ಮ ಕಾಲೇಜಿನಲ್ಲಿ ಬಹು ಮಂದಿ ಇದ್ದೇವೆ. ಆ ಮನೆಗಳ ಕಣ್ಣಿನಿಂದ ಪರದೆಯನ್ನು ನೋಡಬಲ್ಲವರು ನಾವಲ್ಲದೆ ಮತ್ತಾರು? ನಾನು ತಪ್ಪಿದ ಕಡೆ ನೀವು ತಪ್ಪಬೇಡಿರಿ ಎಂದಷ್ಟೇ ನನ್ನ ಸಹಪಾಠಿಗಳಲ್ಲಿ ಬಿನ್ನಹ.

ತಂದೆಯವರ ಹಾಡು ಮರಳಿ ಬರಲಿಲ್ಲ. ಅವ್ವ ಈಗ ಪ್ರತಿ ವಾರವೂ ಸಂಘದ ಲೆಕ್ಕವನ್ನು ತಾನೇ ಮೊಬೈಲಿನಲ್ಲಿ ನೋಡುತ್ತಾಳೆ. ಗೆರೆ ಎಳೆಯುವ ಗುರುತನ್ನು ಮೊದಲ ಸಲ ತೋರಿಸಿದಾಗ ಆಕೆ ಎರಡು ಮೂರು ಬಾರಿ ಗೆರೆ ಎಳೆದು, ತೆಗೆದು, ಹಳೆಯ ಲೆಕ್ಕ ಅಲ್ಲಿಯೇ ಇದೆಯೆಂದು ಖಚಿತಪಡಿಸಿಕೊಂಡು, ಅನಂತರವೇ ಮೊಬೈಲನ್ನು ಕೆಳಗಿಟ್ಟಳು. ಈ ಲೇಖನದಲ್ಲಿ ದೋಷಗಳಿದ್ದರೆ ಗುರುಗಳೂ ಸಹೃದಯ ವಾಚಕರೂ ಮನ್ನಿಸಿ ತಿದ್ದಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.